ಪ್ಯಾಕೆಟ್ ಮೇಲೆ ‘97% ಫ್ಯಾಟ್ ಫ್ರೀ’ ಅಂತಿದ್ದರೆ ಒಳಗೆ ಕೊಬ್ಬು ಎಷ್ಟಿರುತ್ತದೆ?

ಪ್ರಶ್ನೆ: ನಮ್ಮ ಯಜಮಾನರಿಗೆ 49 ವರ್ಷ. ನಾಲ್ಕು ತಿಂಗಳ ಹಿಂದೆ ರಕ್ತ ಪರೀಕ್ಷೆ ಮಾಡಿಸಿದಾಗ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 152, ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಒಂದು ಬಗೆಯ ಕೊಬ್ಬು) 248 ಬಂತು. ಡಾಕ್ಟರು ಕೊಬ್ಬಿನ ಪದಾರ್ಥ ಕಡಿಮೆ ಮಾಡಿ, ಆಮೇಲೆ ನೋಡೋಣ ಅಂದರು. ಅವತ್ತಿನಿಂದ ಅಂಗಡಿಯಲ್ಲಿ ಪ್ಯಾಕೆಟ್ ಓದಿಯೇ ತರುತ್ತಿದ್ದೇನೆ. ‘97% ಫ್ಯಾಟ್ ಫ್ರೀ’ ಮಿಲ್ಕ್‌ಶೇಕ್, ‘ಲೋ ಫ್ಯಾಟ್’ ಹಣ್ಣಿನ ಯೋಗರ್ಟ್, ‘ಬೇಕ್ಡ್, 40% ಕಡಿಮೆ ಕೊಬ್ಬು’ ಅನ್ನುವ ಚಿಪ್ಸ್, ‘ಜೀರೋ ಟ್ರಾನ್ಸ್ ಫ್ಯಾಟ್’ ಡೈಜೆಸ್ಟಿವ್ ಬಿಸ್ಕತ್ತು, ‘ಕೊಲೆಸ್ಟ್ರಾಲ್ ಫ್ರೀ’ ಎಣ್ಣೆ. ಬೆಲೆಯೂ ಜಾಸ್ತಿ. ಈ ಸಲದ ಪರೀಕ್ಷೆಯಲ್ಲಿ ಎಲ್‌ಡಿಎಲ್ ಹೆಚ್ಚುಕಡಿಮೆ ಅಷ್ಟೇ ಇದೆ, ಟ್ರೈಗ್ಲಿಸರೈಡ್ ಇನ್ನೂ ಏರಿದೆ. ಕಂಪನಿಯವರು ಸುಳ್ಳು ಬರೆಯುತ್ತಾರಾ? ಯಾವುದನ್ನು ನಂಬಬೇಕು?
– ಓದುಗರು, ದಾವಣಗೆರೆ

ಉತ್ತರ: ಹಸಿ ಸುಳ್ಳು ಬರೆದಿರುವ ಸಾಧ್ಯತೆ ಕಡಿಮೆ ಅಮ್ಮಾ. ನೀವು ಹೇಳಿದ ಐದೂ ಮಾತು ಅಕ್ಷರಶಃ ನಿಜವೇ ಇರಬಹುದು. ಆದರೆ ನಿಮ್ಮ ಪ್ರಶ್ನೆಯೇ ಒಂದು, ಆ ಪ್ಯಾಕೆಟ್‌ಗಳು ಉತ್ತರ ಕೊಡುತ್ತಿರುವ ಪ್ರಶ್ನೆಯೇ ಇನ್ನೊಂದು. ‘ಇದನ್ನು ತಿಂದರೆ ನಮ್ಮವರ ಮೈಗೆ ಎಷ್ಟು ಕೊಬ್ಬು, ಎಂಥ ಕೊಬ್ಬು ಸೇರುತ್ತದೆ’ ಅನ್ನುವುದು ನಿಮಗೆ ಬೇಕಾದದ್ದು. ಅದಕ್ಕೆ ಉತ್ತರ ಪ್ಯಾಕೆಟ್‌ನ ಹಿಂಭಾಗದಲ್ಲಿ, ಸಣ್ಣ ಅಕ್ಷರದಲ್ಲಿರುತ್ತದೆ. ಮುಂಭಾಗದ ದೊಡ್ಡ ಅಕ್ಷರ ಇರುವುದು ಮಾರಾಟಕ್ಕೆ. ಆದ್ದರಿಂದ ಇಷ್ಟು ದಿನ ಶ್ರದ್ಧೆಯಿಂದ ಓದಿ ತಂದಿದ್ದೀರಲ್ಲ, ಆ ಶ್ರದ್ಧೆ ವ್ಯರ್ಥವಲ್ಲ. ಓದುವ ಜಾಗ ಬದಲಾಗಬೇಕು, ಅಷ್ಟೇ.

ಮೊದಲು ಆ ‘97% ಫ್ಯಾಟ್ ಫ್ರೀ’ ನೋಡೋಣ. ಈ ಶೇಕಡಾವಾರು ತೂಕದ ಲೆಕ್ಕ. ನೂರು ಗ್ರಾಂ ಪದಾರ್ಥದಲ್ಲಿ ಮೂರು ಗ್ರಾಂ ಕೊಬ್ಬು ಇದ್ದರೆ ಉಳಿದ 97 ಗ್ರಾಂ ಕೊಬ್ಬಲ್ಲ. ಸರಿಯೇ. ಆದರೆ ಆ 97ರಲ್ಲಿ ಬಹುಪಾಲು ನೀರೇ ಆಗಿದ್ದರೆ? ಬೇಳೆ ಹಾಕದ ಮೆಣಸಿನ ಸಾರು ಒಂದು ಲೀಟರ್ ಕಾಯಿಸಿ, ಎರಡು ಚಮಚ ತುಪ್ಪದಲ್ಲಿ ಒಗ್ಗರಣೆ ಕೊಡಿ. ತುಪ್ಪ ಸುಮಾರು 10 ಗ್ರಾಂ. ತೂಕದ ಲೆಕ್ಕದಲ್ಲಿ ಆ ಸಾರು ‘99% ಫ್ಯಾಟ್ ಫ್ರೀ’! ಆದರೆ ಅದರಿಂದ ದೇಹಕ್ಕೆ ಸಿಗುವ ಶಕ್ತಿ ಹೆಚ್ಚುಕಡಿಮೆ ಎಲ್ಲವೂ ಆ ತುಪ್ಪದ್ದೇ. ನೀರಿಗೆ ತೂಕ ಇದೆ, ಕ್ಯಾಲರಿ ಇಲ್ಲ ಅಲ್ವಾ.

ಹಾಗಾಗಿ ಕೊಬ್ಬನ್ನು ಕ್ಯಾಲರಿಯಲ್ಲಿ ಅಳೆಯುವುದನ್ನು ಕಲಿಯಿರಿ. ಒಂದು ಗ್ರಾಂ ಕೊಬ್ಬಿಗೆ 9 ಕ್ಯಾಲರಿ. ಪಿಷ್ಟ, ಸಕ್ಕರೆ, ಪ್ರೋಟೀನಿಗೆ ಗ್ರಾಂಗೆ 4. ಲೇಬಲ್‌ನಲ್ಲಿ ‘ಟೋಟಲ್ ಫ್ಯಾಟ್’ ಎದುರಿಗಿರುವ ಅಂಕಿಯನ್ನು 9ರಿಂದ ಗುಣಿಸಿ, ‘ಎನರ್ಜಿ’ ಎದುರಿಗಿರುವ ಅಂಕಿಯಿಂದ ಭಾಗಿಸಿ, ನೂರರಿಂದ ಗುಣಿಸಿ. ಮೊಬೈಲ್ ಕೈಯಲ್ಲೇ ಇರುತ್ತದೆ, ಅರ್ಧ ನಿಮಿಷದ ಕೆಲಸ.

ನಂದಿನಿಯ ನೀಲಿ ಪ್ಯಾಕೆಟ್ ತೆಗೆದುಕೊಳ್ಳಿ. ಅದು ಟೋನ್ಡ್ ಹಾಲು: ಕೊಬ್ಬು 3%, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನ ಉಳಿದ ಘನಾಂಶ) 8.5%. ನೂರು ಎಂಎಲ್‌ಗೆ ಸುಮಾರು 58 ಕ್ಯಾಲರಿ. ಮೂರು ಗ್ರಾಂ ಕೊಬ್ಬಿನಿಂದ 27. ಅಂದರೆ ತೂಕದಲ್ಲಿ 3% ಇರುವ ಕೊಬ್ಬು ಶಕ್ತಿಯಲ್ಲಿ 46%ರಷ್ಟು ಆಯಿತು. ಇನ್ನು 6% ಕೊಬ್ಬಿನ ಫುಲ್ ಕ್ರೀಮ್ ಹಾಲಿಗೂ ಯಾರಾದರೂ ಬೇಕೆಂದರೆ ‘94% ಫ್ಯಾಟ್ ಫ್ರೀ’ ಎನ್ನಬಹುದು. ಅದರ ಶಕ್ತಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಕೊಬ್ಬಿನದೇ.

ಇದನ್ನು ಓದಿ ಹಾಲು ಬಿಡಬೇಡಿ. ಟೋನ್ಡ್ ಹಾಲಿನ ದೊಡ್ಡ ಲೋಟ, ಅಂದರೆ 200 ಎಂಎಲ್‌ನಲ್ಲಿ 6 ಗ್ರಾಂ ಕೊಬ್ಬು. ಅದು ಹೆದರುವಂಥದ್ದಲ್ಲ. ಹಾಲಿನ ಪ್ಯಾಕೆಟ್ ತನ್ನ ಕೊಬ್ಬು ಎಷ್ಟು ಅಂತ ನೇರವಾಗಿ ಹೇಳುತ್ತದೆ. ಅದೇ ಹಾಲಿಗೆ ಸಕ್ಕರೆ, ಬಣ್ಣ, ಪರಿಮಳ ಸೇರಿಸಿ, ‘3% ಕೊಬ್ಬು’ ಅನ್ನುವ ಬದಲು ‘97% ಫ್ಯಾಟ್ ಫ್ರೀ’ ಅಂತ ತಿರುಗಿಸಿ ಬರೆದಾಗ ಮಾತ್ರ ಅದು ಔಷಧಿಯಂತೆ ಕಾಣುತ್ತದೆ.

ಈ ತಿರುಗಿಸಿ ಬರೆಯುವ ಪದ್ಧತಿ ಜನರನ್ನು ದಾರಿ ತಪ್ಪಿಸುತ್ತದೆ ಅಂತ ಯುರೋಪಿಯನ್ ಒಕ್ಕೂಟ ತನ್ನ 2006ರ ನಿಯಮದಲ್ಲೇ ‘ಇಷ್ಟು ಶೇಕಡಾ ಫ್ಯಾಟ್ ಫ್ರೀ’ ಅನ್ನುವ ಬರಹವನ್ನು ನಿಷೇಧಿಸಿತು. ಅಮೆರಿಕದಲ್ಲಿ, ಪದಾರ್ಥ ಅಲ್ಲಿನ ‘ಲೋ ಫ್ಯಾಟ್’ ಮಿತಿಯೊಳಗೆ ಇದ್ದರೆ ಮಾತ್ರ ಹಾಗೆ ಬರೆಯಬಹುದು. ನಮ್ಮಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ, ಅಂದರೆ ಎಫ್‌ಎಸ್‌ಎಸ್‌ಎಐ, 2018ರಲ್ಲಿ ತಂದ ನಿಯಮಗಳಲ್ಲಿ ಮಿತಿಗಳು ಸ್ಪಷ್ಟವಾಗಿವೆ. ‘ಫ್ಯಾಟ್ ಫ್ರೀ’ ಅನ್ನಲು 100 ಗ್ರಾಂ ಅಥವಾ 100 ಎಂಎಲ್‌ನಲ್ಲಿ ಕೊಬ್ಬು ಅರ್ಧ ಗ್ರಾಂ ಮೀರಬಾರದು. ‘ಲೋ ಫ್ಯಾಟ್’ ಅನ್ನಲು ಗಟ್ಟಿ ಪದಾರ್ಥದಲ್ಲಿ 3 ಗ್ರಾಂ, ದ್ರವದಲ್ಲಿ 1.5 ಗ್ರಾಂ ಮೀರಬಾರದು. ಈಗ ನಿಮ್ಮ ಮಿಲ್ಕ್‌ಶೇಕ್ ನೋಡಿ. 3% ಕೊಬ್ಬಿನ ದ್ರವ, ‘ಲೋ ಫ್ಯಾಟ್’ ಮಿತಿಯ ಎರಡು ಪಟ್ಟು. 97 ಅನ್ನುವ ದೊಡ್ಡ ಅಂಕಿ ಆ ವಿಷಯವನ್ನು ಮರೆಮಾಡುತ್ತದೆ. ನನ್ನ ಮಟ್ಟಿಗೆ ಇದು ಮೋಸವೇ. ಕಾನೂನಿನ ಭಾಷೆಯಲ್ಲಿ ಇದಕ್ಕೆ ಬೇರೆ ಹೆಸರಿರಬಹುದು.

ಇನ್ನು ಚಿಪ್ಸ್. ಇದರ ಲೆಕ್ಕವನ್ನು ಪೂರ್ತಿ ಬಿಡಿಸಿ ತೋರಿಸುತ್ತೇನೆ, ಏಕೆಂದರೆ ಒಂದೇ ಪ್ಯಾಕೆಟ್‌ನಲ್ಲಿ ಎರಡು ಮೂರು ಕಸರತ್ತು ಒಟ್ಟಿಗೆ ನಡೆಯುವುದು ಇಲ್ಲೇ. 60 ಗ್ರಾಂ ಪ್ಯಾಕೆಟ್ ಅಂತ ಇಟ್ಟುಕೊಳ್ಳಿ. ಮುಂದೆ ‘ಬೇಕ್ಡ್, 40% ಕಡಿಮೆ ಕೊಬ್ಬು’. ಹಿಂದೆ 100 ಗ್ರಾಂಗೆ ಎನರ್ಜಿ 470 ಕ್ಯಾಲರಿ, ಕೊಬ್ಬು 21 ಗ್ರಾಂ, ಅದರಲ್ಲಿ ಸ್ಯಾಚುರೇಟೆಡ್ ಕೊಬ್ಬು (ಎಲ್‌ಡಿಎಲ್ ಏರಿಸುವ ಬಗೆಯದು) 9 ಗ್ರಾಂ. ಯಾವುದಕ್ಕಿಂತ 40% ಕಡಿಮೆ? ಎಣ್ಣೆಯಲ್ಲಿ ಕರಿದ ಆಲೂ ಚಿಪ್ಸ್‌ಗಿಂತ. ಅದರಲ್ಲಿ ನೂರಕ್ಕೆ 35 ಗ್ರಾಂ ಕೊಬ್ಬು. 35ರಲ್ಲಿ 40% ಕಳೆದರೆ 21. ಲೆಕ್ಕ ಸರಿಯಾಗಿಯೇ ಇದೆ. ನಿಯಮದ ಪ್ರಕಾರ 25% ಕಡಿಮೆಯಾದರೂ ಸಾಕು, ‘ಕಡಿಮೆ’ ಎಂದು ಬರೆಯಬಹುದು. ಆದರೆ 21 ಗ್ರಾಂ ಎಂದರೆ ‘ಲೋ ಫ್ಯಾಟ್’ ಮಿತಿಯ ಏಳು ಪಟ್ಟು. ‘ಕಡಿಮೆ ಮಾಡಿದ’ ಅನ್ನುವುದು ಬೇರೆ, ‘ಕಡಿಮೆ ಇರುವ’ ಅನ್ನುವುದು ಬೇರೆ. ಅಂಗಡಿಯ ಕಪಾಟಿನ ಮುಂದೆ ನಿಂತಾಗ ಎರಡೂ ಒಂದೇ ಥರ ಕೇಳಿಸುತ್ತವೆ.

ಎರಡನೇ ಕಸರತ್ತು ‘ಪರ್ ಸರ್ವ್’. ಹಿಂಭಾಗದಲ್ಲಿ ಒಂದು ಸಲಕ್ಕೆ 20 ಗ್ರಾಂ ಅಂತ ಬರೆದಿರುತ್ತಾರೆ. ಆ 20 ಗ್ರಾಂನಲ್ಲಿ ಕೊಬ್ಬು 4.2 ಗ್ರಾಂ, ದಿನದ ಮಿತಿಯಲ್ಲಿ 6% ಅಂತ ತೋರಿಸುತ್ತದೆ. ಓದಿದವರಿಗೆ ನಿರಾಳ. ಆದರೆ ಟಿವಿ ಮುಂದೆ ಕೂತು 60 ಗ್ರಾಂ ಪ್ಯಾಕೆಟ್ ಒಡೆದವರು ಮೂರನೇ ಒಂದು ಪಾಲು ತಿಂದು ಕ್ಲಿಪ್ ಹಾಕಿ ಎತ್ತಿಡುತ್ತಾರಾ? ಪೂರ್ತಿ ಪ್ಯಾಕೆಟ್‌ಗೆ ಕೊಬ್ಬು 12.6 ಗ್ರಾಂ, ಸ್ಯಾಚುರೇಟೆಡ್ ಕೊಬ್ಬು 5.4 ಗ್ರಾಂ. ಲೇಬಲ್‌ಗಳಲ್ಲಿ ಬಳಸುವ ದಿನದ ಮಿತಿ 2000 ಕ್ಯಾಲರಿ ಆಹಾರಕ್ಕೆ ಒಟ್ಟು ಕೊಬ್ಬು 67 ಗ್ರಾಂ, ಸ್ಯಾಚುರೇಟೆಡ್ 22 ಗ್ರಾಂ, ಟ್ರಾನ್ಸ್ ಫ್ಯಾಟ್ 2 ಗ್ರಾಂ. ಅಂದರೆ ಊಟ ತಿಂಡಿ ಯಾವುದೂ ಲೆಕ್ಕಕ್ಕೆ ಬರುವ ಮೊದಲೇ ಸ್ಯಾಚುರೇಟೆಡ್ ಕೊಬ್ಬಿನ ಕಾಲುಭಾಗ ಮುಗಿಯಿತು. ಅದೂ ಆರೋಗ್ಯವಂತರ ಮಿತಿಯಲ್ಲಿ. ನಿಮ್ಮ ಯಜಮಾನರಂತೆ ಎಲ್‌ಡಿಎಲ್ ಜಾಸ್ತಿ ಇರುವವರಿಗೆ ನಾವು ಸ್ಯಾಚುರೇಟೆಡ್ ಕೊಬ್ಬು ದಿನಕ್ಕೆ 15 ಗ್ರಾಂ ಒಳಗೇ ಇರಲಿ ಅನ್ನುತ್ತೇವೆ.

ಅದಕ್ಕೇ ನಾನು ಎಲ್ಲರಿಗೂ ಹೇಳುವುದು: ಎರಡು ಪ್ಯಾಕೆಟ್ ಹೋಲಿಸುವಾಗ 100 ಗ್ರಾಂ ಕಾಲಂ ಮಾತ್ರ ನೋಡಿ. ತಿನ್ನುವ ಪ್ರಮಾಣ ಎಷ್ಟು ಅಂತ ನೀವೇ ಲೆಕ್ಕ ಹಾಕಿ, ಕಂಪನಿಗೆ ಬಿಡಬೇಡಿ.

ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಚಿಂತೆ ತಂದದ್ದು ಟ್ರೈಗ್ಲಿಸರೈಡ್. ಕೊಬ್ಬು ಕಡಿಮೆ ಮಾಡಿದರೂ ಅದು ಏರಿದ್ದು ಏಕೆ ಅನ್ನುವುದಕ್ಕೆ ಆ ಹಣ್ಣಿನ ಯೋಗರ್ಟ್ ಒಂದು ಕಾರಣ ಇರಬಹುದು. ತಿನಿಸಿನ ರುಚಿ, ನಯ, ಬಾಯಿಗೆ ಹತ್ತುವ ಗುಣ ಎಲ್ಲ ಕೊಬ್ಬಿನಿಂದ ಬರುತ್ತದೆ. ಅದನ್ನು ತೆಗೆದರೆ ಸಪ್ಪೆಯಾಗುತ್ತದೆ, ನೀರುನೀರಾಗುತ್ತದೆ. ಅದನ್ನು ತುಂಬಲು ಸಕ್ಕರೆ, ಮಾರ್ಪಡಿಸಿದ ಪಿಷ್ಟ, ಮಾಲ್ಟೋಡೆಕ್ಸ್‌ಟ್ರಿನ್ ಅನ್ನುವ ಪಿಷ್ಟದ ಪುಡಿ ಹಾಕುತ್ತಾರೆ. ‘ಲೋ ಫ್ಯಾಟ್’ ಮಾತು ಉಳಿಯಿತು, ಸಕ್ಕರೆ ಸದ್ದಿಲ್ಲದೆ ಒಳಗೆ ಬಂತು. ಟ್ರೈಗ್ಲಿಸರೈಡ್ ಏರುವುದಕ್ಕೆ ಎಣ್ಣೆ ಒಂದೇ ಕಾರಣವಲ್ಲ. ಹೆಚ್ಚಾದ ಸಕ್ಕರೆ, ಮೈದಾದಂಥ ಪಿಷ್ಟವನ್ನು ಲಿವರ್ ಕೊಬ್ಬಾಗಿ ಮಾಡಿ ರಕ್ತಕ್ಕೆ ಬಿಡುತ್ತದೆ. ಮದ್ಯಪಾನವೂ ಏರಿಸುತ್ತದೆ.

ಮನೆಯಲ್ಲಿರುವ ಯೋಗರ್ಟ್ ಕಪ್ ತಿರುಗಿಸಿ ‘ಟೋಟಲ್ ಶುಗರ್’, ‘ಆಡೆಡ್ ಶುಗರ್’ ಎರಡೂ ಸಾಲು ಹುಡುಕಿ. ಈಗ ಎರಡನ್ನೂ ಬೇರೆ ಬೇರೆಯಾಗಿ ಬರೆಯುವುದು ಕಡ್ಡಾಯ. ಹಾಲಿನಲ್ಲಿ ಸಹಜವಾಗಿ ನೂರಕ್ಕೆ ನಾಲ್ಕೈದು ಗ್ರಾಂ ಸಕ್ಕರೆ ಇದ್ದೇ ಇರುತ್ತದೆ. ಆಡೆಡ್ ಶುಗರ್ 10 ಗ್ರಾಂ ಅಂತಿದ್ದರೆ ಒಂದು ಪುಟ್ಟ ಕಪ್‌ಗೆ ಎರಡು ಚಮಚ ಸಕ್ಕರೆ ಸುರಿದಂತೆ. ಮಿಲ್ಕ್‌ಶೇಕ್‌ನಲ್ಲೂ ಇದೇ ಸಾಲು ನೋಡಿ, ಆಮೇಲೆ ಬಾಟಲಿಯ ಅಳತೆಯಿಂದ ಗುಣಿಸಿ. ಟೋನ್ಡ್ ಹಾಲಿಗೆ ಮನೆಯಲ್ಲೇ ಹೆಪ್ಪು ಹಾಕಿದ ಮೊಸರಿಗೆ ಸಣ್ಣಗೆ ಹೆಚ್ಚಿದ ಸೀಬೆಹಣ್ಣೋ ದಾಳಿಂಬೆಯೋ ಹಾಕಿಕೊಟ್ಟರೆ ಆ ಕಪ್‌ನ ಅಗತ್ಯವೇ ಇಲ್ಲ. ಕೊಬ್ಬು ಒಂದೆರಡು ಗ್ರಾಂ ಜಾಸ್ತಿ ಇರಬಹುದು, ಇರಲಿ. ಸಕ್ಕರೆ ಸುರಿದಿಲ್ಲವಲ್ಲ.

ಎಣ್ಣೆಯ ವಿಷಯ ಬೇಗ ಮುಗಿಸಬಹುದು. ಕೊಲೆಸ್ಟ್ರಾಲ್ ಇರುವುದು ಪ್ರಾಣಿಜನ್ಯ ಪದಾರ್ಥದಲ್ಲಿ. ಮೊಟ್ಟೆಯ ಹಳದಿ, ಮಾಂಸ, ಸೀಗಡಿ, ತುಪ್ಪ, ಬೆಣ್ಣೆ. ಕಡಲೆಕಾಯಿ ಎಣ್ಣೆಯಲ್ಲಿ, ಸೂರ್ಯಕಾಂತಿ ಎಣ್ಣೆಯಲ್ಲಿ ಅದು ಇರುವುದೇ ಇಲ್ಲ ಅನ್ನಬಹುದು. ‘ಕೊಲೆಸ್ಟ್ರಾಲ್ ಫ್ರೀ’ ಅಂತ ಬರೆದ ಎಣ್ಣೆಗೂ ಬರೆಯದ ಎಣ್ಣೆಗೂ ಅದರಲ್ಲಿ ವ್ಯತ್ಯಾಸ ಇಲ್ಲ. ಎರಡೂ 100 ಗ್ರಾಂಗೆ 900 ಕ್ಯಾಲರಿ. ‘ಲೈಟ್’ ಎಣ್ಣೆಯೂ ಅಷ್ಟೇ. ತೆಳು ಬಣ್ಣ, ತೆಳು ವಾಸನೆ ಇರಬಹುದು, ಕ್ಯಾಲರಿ ತೆಳುವಾಗುವುದಿಲ್ಲ. ಎಣ್ಣೆ ಪ್ಯಾಕೆಟ್ ಮೇಲೆ ‘ಆಂಟಿ ಕೊಲೆಸ್ಟ್ರಾಲ್’, ‘ಕೊಲೆಸ್ಟ್ರಾಲ್ ಫೈಟರ್’, ‘ಸೂಥಿಂಗ್ ಟು ಹಾರ್ಟ್’, ‘ಡಬಲ್ ರಿಫೈನ್ಡ್’ ಅಂತೆಲ್ಲ ಬರೆಯಬಾರದು ಅಂತ ನಮ್ಮ 2011ರ ನಿಯಮದಲ್ಲೇ ಪದಗಳ ಪಟ್ಟಿ ಕೊಟ್ಟಿದ್ದರು. ಅದಕ್ಕೇ ಈಗ ಪದದ ಬದಲು ಕೆಂಪು ಹೃದಯದ ಚಿತ್ರ, ಓಡುವ ಗಂಡ-ಹೆಂಡತಿಯ ಚಿತ್ರ ಕಾಣುತ್ತದೆ.

ನಿಮಗೆ ಎಣ್ಣೆಯಲ್ಲಿ ನಿಜವಾಗಿ ಬೇಕಾದ ಅಂಕಿ ಸ್ಯಾಚುರೇಟೆಡ್ ಕೊಬ್ಬಿನದು. ಸೂರ್ಯಕಾಂತಿಯಲ್ಲಿ ನೂರಕ್ಕೆ ಸುಮಾರು 10-12, ಕಡಲೆಕಾಯಿಯಲ್ಲಿ 20ರ ಆಸುಪಾಸು, ತಾಳೆ ಎಣ್ಣೆಯಲ್ಲಿ ಅರ್ಧದಷ್ಟು, ತುಪ್ಪದಲ್ಲಿ 60ಕ್ಕೂ ಜಾಸ್ತಿ, ಕೊಬ್ಬರಿ ಎಣ್ಣೆಯಲ್ಲಿ ಸುಮಾರು 90. ಎಲ್‌ಡಿಎಲ್ ಏರಿಸುವುದರಲ್ಲಿ ಇದರ ಕೈ ದೊಡ್ಡದು. ಯಾವ ಎಣ್ಣೆ ಬಳಸುತ್ತೀರಿ ಅನ್ನುವಷ್ಟೇ ಮುಖ್ಯ ತಿಂಗಳಿಗೆ ಎಷ್ಟು ಡಬ್ಬಿ ಖಾಲಿಯಾಗುತ್ತದೆ ಅನ್ನುವುದು. ‘ಕೊಲೆಸ್ಟ್ರಾಲ್ ಫ್ರೀ ಅಲ್ವಾ’ ಅಂತ ಒಂದು ಸೌಟು ಜಾಸ್ತಿ ಹಾಕಿ ಪೂರಿ ಕರಿಯುವ ಮನೆಗಳು ಎಷ್ಟೋ.

ಬಿಸ್ಕತ್ತಿನ ‘ಜೀರೋ ಟ್ರಾನ್ಸ್ ಫ್ಯಾಟ್’ ಬಗ್ಗೆ ಸ್ವಲ್ಪ ಹಿನ್ನೆಲೆ ಬೇಕು. ದ್ರವ ಎಣ್ಣೆಗೆ ಹೈಡ್ರೋಜನ್ ಹಾಯಿಸಿ ಗಟ್ಟಿ ಮಾಡಿದಾಗ ಟ್ರಾನ್ಸ್ ಫ್ಯಾಟ್ ಹುಟ್ಟುತ್ತದೆ. ನಮ್ಮಲ್ಲಿ ಡಾಲ್ಡಾ ಅಂತಲೇ ಕರೆಯುವ ವನಸ್ಪತಿ ಅದೇ. ಇದು ಎಲ್‌ಡಿಎಲ್ ಏರಿಸಿ, ಒಳ್ಳೆಯ ಎಚ್‌ಡಿಎಲ್ ಇಳಿಸುತ್ತದೆ, ಆದ್ದರಿಂದ ಹೃದಯಕ್ಕೆ ಇದರಷ್ಟು ಕೆಟ್ಟ ಕೊಬ್ಬು ಇನ್ನೊಂದಿಲ್ಲ. ಎಣ್ಣೆ, ಕೊಬ್ಬುಗಳಲ್ಲಿ ಇದರ ಮಿತಿಯನ್ನು 2021ರಲ್ಲಿ 3%ಕ್ಕೆ, 2022ರ ಜನವರಿಯಿಂದ 2%ಕ್ಕೆ ಇಳಿಸಿದರು. ನಿಜಕ್ಕೂ ಒಳ್ಳೆಯ ಕೆಲಸ. ಅಂದಮೇಲೆ ಟ್ರಾನ್ಸ್ ಫ್ಯಾಟ್ ಕಡಿಮೆ ಇರುವುದು ಈಗ ಆ ಒಂದು ಬಿಸ್ಕತ್ತಿನ ಹೆಚ್ಚುಗಾರಿಕೆಯೇನಲ್ಲ. ಕಾನೂನೇ ಎಲ್ಲರನ್ನೂ ಇಳಿಸಿದೆ.

ಆದರೆ ವನಸ್ಪತಿ ಬಿಟ್ಟವರು ಬಿಸ್ಕತ್ತು ಗರಿಗರಿಯಾಗಲು ಏನು ಹಾಕಿದರು? ಹೆಚ್ಚಾಗಿ ತಾಳೆ ಎಣ್ಣೆ. ಪದಾರ್ಥಗಳ ಪಟ್ಟಿ ಓದಿ. ಯಾವುದು ತೂಕದಲ್ಲಿ ಜಾಸ್ತಿಯೋ ಅದು ಮೊದಲು ಬರಬೇಕು ಅನ್ನುವುದು ನಿಯಮ. ಡೈಜೆಸ್ಟಿವ್ ಬಿಸ್ಕತ್ತುಗಳಲ್ಲಿ ಗೋಧಿ ಹಿಟ್ಟು ಅಥವಾ ಮೈದಾ ಆದಮೇಲೆ ಎರಡನೆಯದೋ ಮೂರನೆಯದೋ ಜಾಗದಲ್ಲಿ ‘ಪಾಮ್ ಆಯಿಲ್’ ಕೂತಿರುವುದೇ ಜಾಸ್ತಿ. ಕೊಬ್ಬು 100 ಗ್ರಾಂಗೆ 20ರ ಆಸುಪಾಸು, ಮಾಮೂಲಿ ಮಾರಿ ಬಿಸ್ಕತ್ತಿನ ಸುಮಾರು ಎರಡರಷ್ಟು! ಕಂದು ಬಣ್ಣ, ನಾರಿನ ಮಾತು, ‘ಡೈಜೆಸ್ಟಿವ್’ ಅನ್ನುವ ಹೆಸರು ಎಲ್ಲ ಸೇರಿ ಅದು ಪಥ್ಯದ ಬಿಸ್ಕತ್ತು ಅಂತ ಅನ್ನಿಸಿಬಿಡುತ್ತದೆ. ‘ಹೈಡ್ರೋಜನೇಟೆಡ್’ ಅಥವಾ ‘ಇಂಟರೆಸ್ಟರಿಫೈಡ್ ವೆಜಿಟೇಬಲ್ ಫ್ಯಾಟ್’ ಅಂತ ಕಂಡರೆ ಅದೂ ಗಟ್ಟಿ ಕೊಬ್ಬೇ ಅಂತ ತಿಳಿಯಿರಿ.

ವಿದೇಶದಲ್ಲಿ ಮಕ್ಕಳಿರುವ ಓದುಗರಿಗೆ ಒಂದು ಮಾತು. ಅಮೆರಿಕದಿಂದ ತರುವ ಪ್ಯಾಕೆಟ್‌ನಲ್ಲಿ ‘ಟ್ರಾನ್ಸ್ ಫ್ಯಾಟ್ 0’, ‘ಫ್ಯಾಟ್ ಫ್ರೀ’ ಅನ್ನುವುದು 100 ಗ್ರಾಂ ಲೆಕ್ಕವಲ್ಲ, ‘ಒಂದು ಸರ್ವಿಂಗ್’ ಲೆಕ್ಕ. ಅರ್ಧ ಗ್ರಾಂಗಿಂತ ಕಡಿಮೆ ಇದ್ದರೆ ಅಲ್ಲಿ ಸೊನ್ನೆ ಅಂತ ಬರೆಯಬಹುದು. ಹಾಗಾಗಿ ಕಾವಲಿಗೆ ಹೊಡೆಯುವ ಎಣ್ಣೆ ಸ್ಪ್ರೇ ಡಬ್ಬಿಯ ಮೇಲೂ ‘ಫ್ಯಾಟ್ ಫ್ರೀ’ ಅಂತಿರುತ್ತದೆ. ಒಂದು ಸರ್ವಿಂಗ್ ಅಂದರೆ ಅರೆ ಕ್ಷಣ ಒತ್ತಿದಾಗ ಬರುವ ಕಾಲು ಗ್ರಾಂ ಎಣ್ಣೆ! ಒಳಗಿರುವುದು ಮಾತ್ರ ಎಣ್ಣೆಯೇ.

ಇಷ್ಟೆಲ್ಲ ಲೆಕ್ಕದ ಹೊರೆ ಕೊಳ್ಳುವವರ ತಲೆ ಮೇಲೇ ಏಕೆ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಚಿಲಿ ದೇಶದಲ್ಲಿ 2016ರಿಂದ ಸ್ಯಾಚುರೇಟೆಡ್ ಕೊಬ್ಬು, ಸಕ್ಕರೆ, ಸೋಡಿಯಂ, ಕ್ಯಾಲರಿ ಮಿತಿ ಮೀರಿದ ಪ್ಯಾಕೆಟ್‌ನ ಮುಂಭಾಗದಲ್ಲೇ ಎಂಟು ಮೂಲೆಯ ಕಪ್ಪು ಮುದ್ರೆ ಹಾಕಬೇಕು. ಓದು ಬಾರದವರಿಗೂ ಅರ್ಥವಾಗುತ್ತದೆ. ನಮ್ಮಲ್ಲಿ 2022ರಲ್ಲಿ ನಕ್ಷತ್ರಗಳ ರೇಟಿಂಗ್ ಕರಡು ಬಂತು. ನಕ್ಷತ್ರ ಹೊಗಳುವ ಗುರುತು, ಎಚ್ಚರಿಸುವ ಗುರುತಲ್ಲ ಅಂತ ಆಹಾರ ತಜ್ಞರು ಅನೇಕರು ಆಕ್ಷೇಪಿಸಿದರು. ನನ್ನ ಮತವೂ ಕಪ್ಪು ಮುದ್ರೆಗೇ. 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಮುಂಭಾಗದ ಎಚ್ಚರಿಕೆ ಲೇಬಲ್ ವಿಷಯದಲ್ಲಿ ಬೇಗ ತೀರ್ಮಾನಕ್ಕೆ ಬನ್ನಿ ಅಂತ ಸೂಚಿಸಿತ್ತು. ಲೇಬಲ್ ಓದುವುದನ್ನು ಐಸಿಎಂಆರ್‌ನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ತನ್ನ 17 ಆಹಾರ ಸೂತ್ರಗಳಲ್ಲಿ ಒಂದಾಗಿ ಸೇರಿಸಿದೆ.

ಯಾವುದಾದರೂ ಪ್ಯಾಕೆಟ್‌ನಲ್ಲಿ ಮುಂದೆ ‘ಲೋ ಫ್ಯಾಟ್’ ಅಂತಿದ್ದು, ಹಿಂದಿನ ಕಾಲಂನಲ್ಲಿ 3 ಗ್ರಾಂ ಮೀರಿದ್ದರೆ ಸುಮ್ನೆ ಬಿಡಬೇಡಿ. ಮುಂದೆ, ಹಿಂದೆ ಎರಡೂ ಕಡೆಯ ಫೋಟೋ, ಬ್ಯಾಚ್ ನಂಬರು, 14 ಅಂಕಿಯ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ನಂಬರು, ಬಿಲ್ಲು ಇಟ್ಟುಕೊಂಡು ‘ಫುಡ್ ಸೇಫ್ಟಿ ಕನೆಕ್ಟ್’ ಆ್ಯಪ್‌ನಲ್ಲಿ ದೂರು ಕೊಡಿ, ಇಲ್ಲವೇ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ದಾರಿ ತಪ್ಪಿಸುವ ಜಾಹೀರಾತಿಗೆ ಆಹಾರ ಸುರಕ್ಷತಾ ಕಾಯ್ದೆಯಡಿ 10 ಲಕ್ಷ ರೂಪಾಯಿವರೆಗೆ ದಂಡ ಇದೆ.

ಈಗ ನಿಮ್ಮ ಮನೆಗೆ ಬರೋಣ. ಮಿಲ್ಕ್‌ಶೇಕ್ ಮತ್ತು ಯೋಗರ್ಟ್ ನಿಲ್ಲಿಸಿ. ಚಿಪ್ಸ್, ಡೈಜೆಸ್ಟಿವ್ ಎರಡೂ ದಿನದ ತಿಂಡಿಯಾಗುವುದು ಬೇಡ. ನೀವಿರುವುದು ಮಂಡಕ್ಕಿ ಊರಲ್ಲಿ. ಬರೀ ಮಂಡಕ್ಕಿಯಲ್ಲಿ ಕೊಬ್ಬು ಇಲ್ಲವೆನ್ನುವಷ್ಟು ಕಡಿಮೆ. ಆದರೆ ಅದು ಬರೀ ಪಿಷ್ಟ, ಟ್ರೈಗ್ಲಿಸರೈಡ್ ಇರುವವರು ಅದನ್ನೇ ಬುಟ್ಟಿಗಟ್ಟಲೆ ತಿನ್ನಬಾರದು. ಸ್ವಲ್ಪ ಮಂಡಕ್ಕಿಗೆ ಹುರಿಗಡಲೆ, ಈರುಳ್ಳಿ, ಸೌತೆಕಾಯಿ, ಒಂದು ಹಿಡಿ ಹುರಿದ ಕಡಲೆಕಾಯಿ ಬೀಜ ಸೇರಿಸಿ. ಕಡಲೆಕಾಯಿಯಲ್ಲಿ ನೂರಕ್ಕೆ 40-50 ಗ್ರಾಂ ಕೊಬ್ಬಿದೆ, ನಿಮ್ಮ ಆ ‘ಬೇಕ್ಡ್’ ಚಿಪ್ಸ್‌ನ ಎರಡರಷ್ಟು. ಆದರೂ ನಾನು ಕೊಡಿ ಅನ್ನುತ್ತಿದ್ದೇನೆ. ಅದರಲ್ಲಿ ಬಹುಪಾಲು ಅಪರ್ಯಾಪ್ತ (ಅನ್‌ಸ್ಯಾಚುರೇಟೆಡ್) ಕೊಬ್ಬು, ಜೊತೆಗೆ ಪ್ರೋಟೀನು, ನಾರು. ಕೊಬ್ಬು ಎಷ್ಟು ಅನ್ನುವ ಜೊತೆಗೆ ಎಂಥದ್ದು ಅನ್ನುವುದನ್ನೂ ನೋಡಬೇಕು ಅಂದದ್ದು ಇದಕ್ಕೇ. ಒಂದು ಹಿಡಿ ಮಾತ್ರ, ಬೋಗುಣಿ ಅಲ್ಲ.

ಲೇಬಲ್ ಇಲ್ಲದ ತಿಂಡಿಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಬೆಣ್ಣೆಯ ತೂಕದಲ್ಲಿ ಅರ್ಧದಷ್ಟು ಸ್ಯಾಚುರೇಟೆಡ್ ಕೊಬ್ಬು. ನಿಮ್ಮೂರ ಒಂದು ದೋಸೆಗೆ 20 ಗ್ರಾಂ ಬೆಣ್ಣೆ ಬಿದ್ದರೂ 10 ಗ್ರಾಂ ಆಯಿತು, ಅವರ ದಿನದ 15ರಲ್ಲಿ. ಬಿಟ್ಟೇಬಿಡಿ ಅನ್ನುವುದಿಲ್ಲ. ಅಪರೂಪಕ್ಕೆ ತಿನ್ನಲಿ, ಆ ದಿನ ಬೇರೆ ತುಪ್ಪ ಬೆಣ್ಣೆ ಬೇಡ. ಬೇಕರಿಯ ಪಫ್, ಖಾರದ ಬಿಸ್ಕತ್ತು ಕೂಡ ಇದೇ ಲೆಕ್ಕದಲ್ಲಿ.

ಇನ್ನೊಂದು ವಿಷಯ, ಎರಡು ಸಲವೂ ಟ್ರೈಗ್ಲಿಸರೈಡ್ ಜಾಸ್ತಿ ಬಂದಿರುವುದರಿಂದ ಸಕ್ಕರೆ ಕಾಯಿಲೆ, ಥೈರಾಯ್ಡ್ ಪರೀಕ್ಷೆಯೂ ಬೇಕೇ ಅಂತ ನಿಮ್ಮ ಡಾಕ್ಟರನ್ನು ಕೇಳಿ. ಕೆಲವರಲ್ಲಿ ಎಲ್‌ಡಿಎಲ್ ವಂಶದಿಂದಲೂ ಬರುತ್ತದೆ, ಊಟದಿಂದ ಮಾತ್ರ ಇಳಿಯುವುದಿಲ್ಲ. ಅವರು ಮಾತ್ರೆ ಬರೆದರೆ ‘ಪಥ್ಯ ಮಾಡ್ತಿದ್ದೀವಲ್ಲ’ ಅಂತ ಮುಂದೂಡಬೇಡಿ. ಮೇಲೆ ಹೇಳಿದಂತೆ ಮೂರು ತಿಂಗಳು ನಡೆಸಿ, ಪರೀಕ್ಷೆಯ ಹಿಂದಿನ ರಾತ್ರಿ ಬೇಗ ಊಟ ಮುಗಿಸಿ, 10-12 ಗಂಟೆ ನೀರು ಬಿಟ್ಟು ಬೇರೇನೂ ತಗೊಳ್ಳದೆ ಬೆಳಿಗ್ಗೆ ರಕ್ತ ಕೊಡಿಸಿ. ಊಟ ಆದಮೇಲೆ ಕೊಟ್ಟರೆ ಟ್ರೈಗ್ಲಿಸರೈಡ್ ಏರಿಯೇ ಕಾಣುತ್ತದೆ. ಕಳೆದ ಸಲ ಹೇಗೆ ಕೊಟ್ಟಿದ್ದರು ಅನ್ನುವುದನ್ನೂ ಡಾಕ್ಟರಿಗೆ ತಿಳಿಸಿ.